ಹಾಸಿಗೆಗೆ ದುಡ್ಡಿದೆ, ಮನೆಗೆ ಹೋದ ಮೇಲೆ? ಮಾನಸಿಕ ಕಾಯಿಲೆಗೆ ಸರ್ಕಾರಿ ವಿಮೆ ಹಣ ಕೊಡುವ ಬಗೆ

ಹೃದಯಕ್ಕೆ ಸ್ಟೆಂಟ್ ಹಾಕಲು ಎಷ್ಟು ಖರ್ಚಾಗುತ್ತದೆ ಅಂತ ಹೆಚ್ಚುಕಮ್ಮಿ ಮೊದಲೇ ಹೇಳಬಹುದು. ಸ್ಟೆಂಟ್‌ಗೆ ಇಷ್ಟು, ಕ್ಯಾತ್‌ಲ್ಯಾಬ್‌ಗೆ ಇಷ್ಟು, ಎರಡು ಮೂರು ದಿನದ ವಾರ್ಡಿಗೆ ಇಷ್ಟು. ಹಾಗಾಗಿ ಸರ್ಕಾರ ಒಂದು ಮೊತ್ತ ಗೊತ್ತು ಮಾಡಿ, ಇದರೊಳಗೆ ಮುಗಿಸಿ ಅಂತ ಆಸ್ಪತ್ರೆಗೆ ಹೇಳುತ್ತದೆ. ನಮ್ಮ ಆರೋಗ್ಯ ವಿಮೆಯ ಪ್ಯಾಕೇಜ್ ಪದ್ಧತಿ ನಿಂತಿರುವುದೇ ಈ ಲೆಕ್ಕದ ಮೇಲೆ.

ಈಗ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಉಬ್ಬಿ ಇನ್ನೊಮ್ಮೆ ಕುಸಿಯುವ ಕಾಯಿಲೆ, ಇರುವ 24 ವರ್ಷದ ಹುಡುಗನೊಬ್ಬ ಇದ್ದಾನೆ ಅಂದುಕೊಳ್ಳಿ. ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲ. ಸಾಲ ಮಾಡಿ ಸಿಕ್ಕಸಿಕ್ಕವರಿಗೆ ದುಡ್ಡು ಹಂಚಿದ್ದಾನೆ. ತಡೆಯಲು ಹೋದ ಅಪ್ಪನ ಮೇಲೇ ಕೈ ಮಾಡಿದ್ದಾನೆ. ಮನೆಯವರು, ಪಕ್ಕದ ಮನೆಯವರು ಸೇರಿ ಹೇಗೋ ಜಿಲ್ಲಾ ಆಸ್ಪತ್ರೆಗೆ ಕರೆತಂದಿದ್ದಾರೆ. ಇವನು ಎಷ್ಟು ದಿನ ಇರಬೇಕು? ಹತ್ತು ದಿನ ಸಾಕಾಗಬಹುದು, ನಲವತ್ತು ದಿನವೂ ಬೇಕಾಗಬಹುದು. ಮೊದಲ ದಿನ ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಇದೇ ಕಾಯಿಲೆಯ ಇನ್ನೊಬ್ಬ ರೋಗಿ ಮಾತ್ರೆಗೆ ಬೇಗ ಒಗ್ಗಿ ಎರಡನೇ ವಾರವೇ ಮನೆಗೆ ಹೋಗಬಹುದು. ಕಾಯಿಲೆಯ ಹೆಸರು ನೋಡಿ ಖರ್ಚು ಹೇಳುವ ಪದ್ಧತಿ ಇಲ್ಲಿ ಕೈಕೊಡುತ್ತದೆ.

ಹಾಗಾದರೆ ಸರ್ಕಾರದ ವಿಮೆ ಇಂಥ ರೋಗಿಗೆ ಆಸ್ಪತ್ರೆಗೆ ಹಣ ಕೊಡುವುದು ಹೇಗೆ? ಕೇಳಲು ಇದು ಅಕೌಂಟ್ಸ್ ವಿಭಾಗದ ಪ್ರಶ್ನೆ ಅನ್ನಿಸುತ್ತದೆ. ಆದರೆ ಯಾರಿಗೆ ಹಾಸಿಗೆ ಸಿಗುತ್ತದೆ, ಯಾರನ್ನು ಬೇರೆ ಕಡೆ ಕಳಿಸುತ್ತಾರೆ, ಯಾರು ಪೂರ್ತಿ ಸುಧಾರಿಸುವ ಮೊದಲೇ ಮನೆಗೆ ಬರುತ್ತಾರೆ ಎನ್ನುವುದನ್ನು ಈ ಲೆಕ್ಕವೂ ತೀರ್ಮಾನಿಸುತ್ತದೆ.

ದಿನಕ್ಕೆ ಇಷ್ಟು

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚನ್ನು ಅದು ಕೊಡುತ್ತದೆ. ಕರ್ನಾಟಕ ಅದೇ ವರ್ಷ ತನ್ನ ಆರೋಗ್ಯ ಕರ್ನಾಟಕ ಯೋಜನೆಯನ್ನು ಇದರ ಜೊತೆ ಸೇರಿಸಿತು. ಇಲ್ಲಿ ಯೋಜನೆ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಡುವೆ ಖಾಸಗಿ ವಿಮಾ ಕಂಪನಿ ಇಲ್ಲ. ಬಿಪಿಎಲ್ ಕುಟುಂಬಕ್ಕೆ ಪೂರ್ತಿ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಕೊಡುತ್ತದೆ. ಉಳಿದದ್ದು ಮನೆಯವರ ತಲೆಗೆ.

ಈ ಯೋಜನೆಯಲ್ಲಿ ಎರಡು ಬಗೆಯ ಪಾವತಿ ಇದೆ. ಆಪರೇಷನ್ ಆದರೆ ಒಟ್ಟು ಮೊತ್ತ. ಔಷಧಿ ಕೊಟ್ಟು ನೋಡಿಕೊಳ್ಳುವ ಚಿಕಿತ್ಸೆಯಾದರೆ ದಿನಕ್ಕೆ ಇಷ್ಟು, ಅದೂ ಯಾವ ವಾರ್ಡ್ ಅನ್ನುವುದರ ಮೇಲೆ. ಕೇಂದ್ರದ 2022ರ ದರಪಟ್ಟಿಯಲ್ಲಿ ಸಾಮಾನ್ಯ ವಾರ್ಡಿನ ಚಿಕಿತ್ಸೆಗೆ ದಿನಕ್ಕೆ 2,100 ರೂಪಾಯಿ. ವೆಂಟಿಲೇಟರ್ ಇಲ್ಲದ ಐಸಿಯುಗೆ 8,500. ರಾಜ್ಯಗಳು ತಮ್ಮ ದರ ತಾವೇ ಇಟ್ಟುಕೊಳ್ಳಬಹುದು. ಹಾಸಿಗೆ, ನರ್ಸಿಂಗ್, ವೈದ್ಯರ ಫೀಸು, ಔಷಧಿ, ರಕ್ತ ಪರೀಕ್ಷೆ, ರೋಗಿಯ ಊಟ ಎಲ್ಲವೂ ಆ ದಿನದ ದುಡ್ಡಿನೊಳಗೇ ಬರಬೇಕು.

ಮಾನಸಿಕ ಕಾಯಿಲೆಗೂ ಇದೇ ದಿನದ ಲೆಕ್ಕ. 2018ರ ಮೊದಲ ಪಟ್ಟಿಯಲ್ಲೇ ಇದಕ್ಕೆ 17 ಪ್ಯಾಕೇಜ್‌ಗಳಿದ್ದವು. ಆಮೇಲೆ ಅವನ್ನು ಒಟ್ಟುಗೂಡಿಸಿ ಹತ್ತಕ್ಕೆ ಇಳಿಸಿದರು. ಸ್ಕಿಜೋಫ್ರೇನಿಯಾ ಗುಂಪು, ಬೈಪೋಲಾರ್ ಮತ್ತು ಖಿನ್ನತೆಯ ಗುಂಪು, ಕುಡಿತ ಮತ್ತು ಇತರ ಮಾದಕ ವಸ್ತುಗಳಿಂದ ಬರುವ ತೊಂದರೆ, ಹೀಗೆ. ಇಸಿಟಿಗೆ, ಅಂದರೆ ಜನ 'ಕರೆಂಟ್ ಕೊಡೋದು' ಅನ್ನುವ ಚಿಕಿತ್ಸೆಗೆ, ಬೇರೆಯೇ ದರ. ಮೊದಲ ಪಟ್ಟಿಯಲ್ಲಿ ಅದು ಒಂದು ಸಲಕ್ಕೆ 3,000 ರೂಪಾಯಿ ಇತ್ತು.

ದಿನದ ಲೆಕ್ಕ ಸರಿಯಾದದ್ದೇ. ರೋಗಿ ಎಷ್ಟು ದಿನ ಇರಬೇಕೋ ಗೊತ್ತಿಲ್ಲದಿರುವಾಗ ಒಟ್ಟು ಮೊತ್ತ ಕಟ್ಟಿದರೆ, ಆಸ್ಪತ್ರೆ ನಷ್ಟ ತಪ್ಪಿಸಿಕೊಳ್ಳಲು ಬೇಗ ಕಳಿಸಿಬಿಡುತ್ತದೆ. ತೊಂದರೆ ಇರುವುದು ಮೊದಲ ದಿನಕ್ಕೂ ಇಪ್ಪತ್ತನೇ ದಿನಕ್ಕೂ ಒಂದೇ ದರ ಕೊಡುವುದರಲ್ಲಿ.

ಮೊದಲ ಮೂರು ರಾತ್ರಿ

ಆ ಹುಡುಗನ ಮೊದಲ ರಾತ್ರಿ ವಾರ್ಡಿನಲ್ಲಿ ಏನೇನು ನಡೆಯುತ್ತದೆ ನೋಡಿ. ಒಬ್ಬ ಸ್ಟಾಫ್ ನರ್ಸ್, ಇಬ್ಬರು ವಾರ್ಡ್ ಸಿಬ್ಬಂದಿ ಅವನ ಹತ್ತಿರವೇ ಇರಬೇಕು. ಶಾಂತವಾಗಲು ಹ್ಯಾಲೊಪೆರಿಡಾಲ್, ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟ ಮೇಲೆ ಬಿಪಿ, ಉಸಿರಾಟ, ಕುತ್ತಿಗೆ ಸೆಡೆತು ಬಂದಿದೆಯಾ ಅಂತ ಮತ್ತೆ ಮತ್ತೆ ನೋಡಬೇಕು. ರಕ್ತ ತೆಗೆದು ಕಿಡ್ನಿ, ಥೈರಾಯ್ಡ್ ಪರೀಕ್ಷೆಗೆ ಕಳಿಸಬೇಕು, ಯಾಕೆಂದರೆ ಅವೆರಡನ್ನೂ ನೋಡದೆ ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ಶುರು ಮಾಡುವಂತಿಲ್ಲ. ಶುರು ಮಾಡಿದ ಮೇಲೂ ರಕ್ತದಲ್ಲಿ ಅದರ ಪ್ರಮಾಣ ನೋಡುತ್ತಲೇ ಇರಬೇಕು. ಮೂಲೆಯಲ್ಲಿ ಕುಳಿತ ಅಮ್ಮನ ಹತ್ತಿರ ಯಾರಾದರೂ ಕೂತು ಮಾತಾಡಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ? ಮಾತ್ರೆ ಯಾವಾಗ ಬಿಟ್ಟ? ಸಾಯುವ ಮಾತು ಆಡಿದ್ದನಾ? ಈ ಮಾತುಕತೆಗೆ ಒಂದು ಗಂಟೆಯಾದರೂ ಬೇಕು. ಇದನ್ನು ಯಾವ ಮಷೀನೂ ಮಾಡಿಕೊಡುವುದಿಲ್ಲ.

ಮಾನಸಿಕ ಚಿಕಿತ್ಸೆಯಲ್ಲಿ ಔಷಧಿಯ ಖರ್ಚು ಬಹುತೇಕ ಕಡಿಮೆ. ಜೆನೆರಿಕ್ ಒಲಾಂಜಪಿನ್ ದುಬಾರಿ ಮಾತ್ರೆಯಲ್ಲ. ದುಬಾರಿಯಾಗುವುದು ಜನ. ನರ್ಸು, ವಾರ್ಡ್ ಸಿಬ್ಬಂದಿ, ಮನಃಶಾಸ್ತ್ರಜ್ಞರು, ಸೋಷಿಯಲ್ ವರ್ಕರ್, ಇವರ ಸಮಯ. ಮತ್ತು ಆ ಸಮಯ ಮೊದಲ ಮೂರು ನಾಲ್ಕು ದಿನಕ್ಕೆ ವಿಪರೀತ ಬೇಕು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಹದಿನೈದನೇ ದಿನ ಅದೇ ಹುಡುಗ ತಾನೇ ಸ್ನಾನ ಮಾಡಿ, ಊಟ ಮಾಡಿ, ಕೇರಂ ಆಡುತ್ತಿರಬಹುದು.

ಎರಡು ದಿನಕ್ಕೂ ಒಂದೇ ದರ ಕೊಟ್ಟರೆ ಆಸ್ಪತ್ರೆಗೆ ಮೊದಲ ದಿನ ಕೈಯಿಂದ ಹೋಗುತ್ತದೆ, ಹದಿನೈದನೇ ದಿನ ಉಳಿಯುತ್ತದೆ. ದುಡ್ಡಿನ ಕಣ್ಣಲ್ಲಿ ಮಾತ್ರ ನೋಡುವ ಆಸ್ಪತ್ರೆಗೆ ಯಾವ ರೋಗಿ ಬೇಕು? ಗಲಾಟೆ ಮಾಡದ, ಜಾಸ್ತಿ ದಿನ ಸುಮ್ನೆ ಮಲಗುವ ರೋಗಿ. ನಿಜವಾಗಿ ಹಾಸಿಗೆ ಬೇಕಾದ ಆ ಹುಡುಗನಿಗೆ 'ಬೆಡ್ ಖಾಲಿ ಇಲ್ಲ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ' ಎಂಬ ಉತ್ತರ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಆ ಸ್ಥಿತಿಯ ಮಗನನ್ನು ಕರೆದೊಯ್ಯುವುದು ಎಂಥ ಕಷ್ಟ ಅಂತ ಆ ಮನೆಯವರನ್ನೇ ಕೇಳಬೇಕು.

ಮೊದಲ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯ ಪ್ಯಾಕೇಜ್‌ಗಳನ್ನು ಸರ್ಕಾರಿ ಆಸ್ಪತ್ರೆಗಳಿಗೆ ಮಾತ್ರ ಮೀಸಲಿಟ್ಟಿದ್ದರು. ದುರುಪಯೋಗದ ಭಯ ಅದಕ್ಕೆ ಒಂದು ಕಾರಣ ಇರಬಹುದು, ಮತ್ತು ಆ ಭಯ ಸುಳ್ಳಲ್ಲ. ಒಳಗಿರುವ ರೋಗಿ 'ನಾನು ಸರಿ ಇದ್ದೇನೆ, ಕಳಿಸಿ' ಅಂದರೆ ಯಾರೂ ನಂಬುವುದಿಲ್ಲ ಅಲ್ವಾ? ದಿನಕ್ಕೆ ಇಷ್ಟು ಅಂತ ದುಡ್ಡು ಬರುವ ಕಡೆ ಇದು ನಿಜಕ್ಕೂ ಅಪಾಯ. ಆದರೆ ಸರ್ಕಾರಿ ಆಸ್ಪತ್ರೆಗೆ ಮಾತ್ರ ಅಂದಾಗ, ಮನೋವೈದ್ಯಕೀಯ ವಾರ್ಡೇ ಇಲ್ಲದ ಊರಿನವರ ಕೈಯಲ್ಲಿ ಕಾರ್ಡ್ ಇದ್ದೂ ಏನು ಮಾಡಬೇಕು?

ಅಮೆರಿಕ ಕಲಿತದ್ದು, ಅಮೆರಿಕ ಎಡವಿದ್ದು

ಈ ಲೆಕ್ಕದ ಜೊತೆ ಅತಿ ಹೆಚ್ಚು ಗುದ್ದಾಡಿರುವ ಸರ್ಕಾರಿ ವಿಮೆಗಳಲ್ಲಿ ಅಮೆರಿಕದ ಮೆಡಿಕೇರ್ ಒಂದು. 65 ದಾಟಿದವರಿಗೆ ಮತ್ತು ಅಂಗವೈಕಲ್ಯ ಇರುವ ಕೆಲವರಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ವಿಮೆ ಇದು. 1983ರಲ್ಲಿ ಅವರು ಕಾಯಿಲೆಗೆ ತಕ್ಕಂತೆ ಒಟ್ಟು ಮೊತ್ತ ಕೊಡುವ ಪದ್ಧತಿ ತಂದರು. ಮನೋವೈದ್ಯಕೀಯ ಆಸ್ಪತ್ರೆಗಳೂ ಸೇರಿ ಕೆಲವು ಬಗೆಯ ಆಸ್ಪತ್ರೆಗಳನ್ನು ಅದರಿಂದ ಹೊರಗಿಟ್ಟರು. ಕಾಯಿಲೆಯ ಹೆಸರಿನಿಂದ ಖರ್ಚು ಅಂದಾಜಿಸಲು ಆಗುವುದಿಲ್ಲ ಅಂತ ಅವರಿಗೂ ಗೊತ್ತಾಗಿತ್ತು. 1999ರಲ್ಲಿ ಕಾನೂನು ಮಾಡಿ ದಿನದ ಲೆಕ್ಕದ ಹೊಸ ಪದ್ಧತಿ ತರಲು ಹೇಳಿದರು. ಅದು ಜಾರಿಗೆ ಬಂದದ್ದು 2005ರ ಜನವರಿಯಲ್ಲಿ.

ಅವರ ದಿನದ ದರ ಸಪಾಟಾಗಿಲ್ಲ, ಇಳಿಯುತ್ತಾ ಹೋಗುತ್ತದೆ. ಮೂಲ ದರ 100 ಅಂದುಕೊಳ್ಳಿ. ಎಮರ್ಜೆನ್ಸಿ ವಿಭಾಗ ಇರುವ ಆಸ್ಪತ್ರೆಗೆ ಮೊದಲ ದಿನಕ್ಕೆ 131, ಇಲ್ಲದ ಆಸ್ಪತ್ರೆಗೆ 119. ಎರಡನೇ ದಿನ 112, ಮೂರನೇ ದಿನ 108, ನಾಲ್ಕಕ್ಕೆ 105. ಒಂಬತ್ತನೇ ದಿನ 100ಕ್ಕೆ ಬಂದು, ಆಮೇಲೂ ನಿಧಾನಕ್ಕೆ ಇಳಿಯುತ್ತದೆ. 22ನೇ ದಿನದಿಂದ 92. ಸುಮಾರು ಇಪ್ಪತ್ತು ವರ್ಷ ಇದೇ ಅನುಪಾತ ನಡೆಯಿತು. 2024ರ ಅಕ್ಟೋಬರ್‌ನಿಂದ ಹೊಸ ಅಂಕಿಗಳು ಬಂದವು, ಆದರೆ ಮೊದಲ ದಿನಕ್ಕೆ ಜಾಸ್ತಿ ಎನ್ನುವ ತತ್ವ ಹಾಗೇ ಇದೆ. ಮೊದಲ ರಾತ್ರಿಗಳ ದುಡಿಮೆಗೆ ಬೆಲೆ ಕಟ್ಟುವ ಈ ಉಪಾಯ ನಮಗೂ ಹೊಂದುತ್ತದೆ.

ಇದರ ಮೇಲೆ ಇನ್ನಷ್ಟು ಸೇರುತ್ತದೆ. 2024ರವರೆಗಿನ ಪಟ್ಟಿಯಲ್ಲಿ, ರೋಗಿಗೆ 80 ದಾಟಿದ್ದರೆ ಶೇ 17ರಷ್ಟು ಜಾಸ್ತಿ ಇತ್ತು. ಆಸ್ಪತ್ರೆ ಹಳ್ಳಿಗಾಡಿನಲ್ಲಿದ್ದರೂ ಅಷ್ಟೇ ಜಾಸ್ತಿ ಕೊಡುತ್ತಿದ್ದರು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಜೊತೆಗಿದ್ದರೆ ಅದಕ್ಕೂ ಸೇರಿಸುತ್ತಿದ್ದರು. ಇಸಿಟಿಗೆ ಸಲಕ್ಕೆ ಇಷ್ಟು ಅಂತ ಬೇರೆ. ಈ ಇಸಿಟಿ ದರ ವರ್ಷಗಟ್ಟಲೆ ನಿಜವಾದ ಖರ್ಚಿಗಿಂತ ಹಿಂದೆ ಬಿದ್ದಿತ್ತು. ಅಂಕಿ ಅಂಶ ನೋಡಿ 2025ರ ಹಣಕಾಸು ವರ್ಷಕ್ಕೆ ಅದನ್ನು 385.58 ಡಾಲರ್‌ನಿಂದ 661.52 ಡಾಲರ್‌ಗೆ ಏರಿಸಿದರು. ಆಸ್ಪತ್ರೆಗಳು ಪ್ರತಿವರ್ಷ ಕೊಡುವ ಖರ್ಚಿನ ವರದಿಯನ್ನು ಇಟ್ಟುಕೊಂಡು ದರ ತಿದ್ದುವ ಪದ್ಧತಿ ಇರುವುದರಿಂದ ಇದು ಸಾಧ್ಯವಾಯಿತು. ಇಸಿಟಿಗೆ ಅರಿವಳಿಕೆ ತಜ್ಞರು ಬೇಕೇ ಬೇಕು. ನಮ್ಮಲ್ಲಂತೂ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಷೇಧಿಸಿದೆ. ಹಾಗಿರುವಾಗ ನಮ್ಮ ದರಪಟ್ಟಿ ಅರಿವಳಿಕೆ ತಜ್ಞರ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ದಿನಕ್ಕೆ ಜಾಸ್ತಿ ಕೊಟ್ಟರೆ, ರೋಗಿಯನ್ನು ಕಳಿಸಿ ಮತ್ತೆ ಸೇರಿಸಿಕೊಂಡು 'ಮೊದಲ ದಿನ' ಅಂತ ಬಿಲ್ ಹಾಕುವ ಆಸೆ ಹುಟ್ಟುತ್ತದೆ. ಅದಕ್ಕೂ ಒಂದು ನಿಯಮ ಇದೆ. ಬಿಡುಗಡೆಯಾದ ಮೂರು ದಿನದೊಳಗೆ ಅದೇ ರೋಗಿ ಮತ್ತೆ ಸೇರಿದರೆ, ಅದು ಹಳೆಯ ದಾಖಲಾತಿಯ ಮುಂದುವರಿಕೆ. ದಿನದ ಎಣಿಕೆ ನಿಂತಲ್ಲಿಂದಲೇ ಶುರು.

ಇಷ್ಟೆಲ್ಲ ಇದ್ದೂ ಅಲ್ಲಿ ಎಲ್ಲವೂ ಸರಿ ಇಲ್ಲ. ಮಾನಸಿಕ ಕಾಯಿಲೆಯನ್ನು ಬೇರೆ ಕಣ್ಣಿನಿಂದ ನೋಡುವ ಎರಡು ಹಳೆಯ ಗೆರೆಗಳು ಇನ್ನೂ ಉಳಿದಿವೆ. ಮನೋವೈದ್ಯಕೀಯ ಚಿಕಿತ್ಸೆಗೆಂದೇ ಇರುವ ಪ್ರತ್ಯೇಕ ಆಸ್ಪತ್ರೆಯಲ್ಲಿ ಮೆಡಿಕೇರ್ ಜೀವಮಾನಕ್ಕೆ ಒಟ್ಟು 190 ದಿನ ಮಾತ್ರ ಕೊಡುತ್ತದೆ. ಹೃದಯದ ಕಾಯಿಲೆಗೆ ಇಂಥ ಜೀವಮಾನದ ಮಿತಿ ಇಲ್ಲ. ಇಪ್ಪತ್ತೆರಡಕ್ಕೇ ಸ್ಕಿಜೋಫ್ರೇನಿಯಾ ಬಂದು, ಅಂಗವೈಕಲ್ಯದ ಆಧಾರದಲ್ಲಿ ಮೆಡಿಕೇರ್ ಸಿಕ್ಕವರಿಗೆ ಆ 190 ದಿನ ನಲವತ್ತು ದಾಟುವ ಮೊದಲೇ ಮುಗಿದುಹೋಗಬಹುದು. ಇನ್ನೊಂದು ಗೆರೆ ಬಡವರ ವಿಮೆಯಾದ ಮೆಡಿಕೇಡ್‌ನಲ್ಲಿದೆ. 16ಕ್ಕಿಂತ ಜಾಸ್ತಿ ಹಾಸಿಗೆ ಇರುವ ಮಾನಸಿಕ ಆಸ್ಪತ್ರೆಯಲ್ಲಿ 21ರಿಂದ 64 ವಯಸ್ಸಿನವರಿಗೆ ಕೇಂದ್ರದ ಹಣ ಕೊಡುವಂತಿಲ್ಲ ಅಂತ 1965ರಿಂದ ನಿಯಮ. ರಾಜ್ಯಗಳು ನಡೆಸುತ್ತಿದ್ದ ಹಳೆಯ ಹುಚ್ಚಾಸ್ಪತ್ರೆಗಳ ಖರ್ಚು ಕೇಂದ್ರದ ತಲೆಗೆ ಬರಬಾರದು ಅನ್ನುವುದು ಆಗಿನ ಯೋಚನೆ. ಈಚಿನ ವರ್ಷಗಳಲ್ಲಿ ಹಲವು ರಾಜ್ಯಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ನಿಯಮ ಮಾತ್ರ ಹೋಗಿಲ್ಲ.

ದಿನದ ಲೆಕ್ಕದ ಅಪಾಯವೂ ಅಲ್ಲಿ ಕಣ್ಣಿಗೆ ಕಾಣುವಂತೆ ಬಂತು. ಅಗತ್ಯವಿಲ್ಲದವರನ್ನು ಸೇರಿಸಿಕೊಂಡರು, ಬೇಕಾದ್ದಕ್ಕಿಂತ ಹೆಚ್ಚು ದಿನ ಇಟ್ಟುಕೊಂಡರು ಎಂಬ ಆರೋಪಗಳ ಮೇಲೆ, ದೊಡ್ಡ ಆಸ್ಪತ್ರೆ ಕಂಪನಿಯಾದ ಯೂನಿವರ್ಸಲ್ ಹೆಲ್ತ್ ಸರ್ವಿಸಸ್ 2020ರಲ್ಲಿ ಸರ್ಕಾರದ ಜೊತೆ 11.7 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಕಂಪನಿ ತಪ್ಪು ಒಪ್ಪಿಕೊಂಡಿರಲಿಲ್ಲ. ಆದರೂ ದಿನಕ್ಕೆ ಹಣ ಕೊಡುವ ಯಾವ ಸರ್ಕಾರವೂ ಕಣ್ಣಿಟ್ಟು ನೋಡದಿದ್ದರೆ ಏನಾಗಬಹುದು ಅನ್ನುವುದಕ್ಕೆ ಇದನ್ನು ನೆನಪಿಡಬೇಕು.

ಕಣ್ಣಿಡುವ ಒಂದು ದಾರಿಯೂ ಅಲ್ಲಿದೆ. ರೋಗಿಗಳನ್ನು ಎಷ್ಟು ಗಂಟೆ ಕಟ್ಟಿಹಾಕಿದ್ದರು, ಎಷ್ಟು ಗಂಟೆ ಒಂಟಿ ಕೋಣೆಯಲ್ಲಿಟ್ಟಿದ್ದರು, ಬಿಡುಗಡೆಯಾದವರು ಆಮೇಲೆ ವೈದ್ಯರ ಹತ್ತಿರ ಬಂದರಾ, ಇಂಥ ಲೆಕ್ಕವನ್ನು ಆಸ್ಪತ್ರೆ ಕೊಡಬೇಕು. ಕೊಡದಿದ್ದರೆ ಮುಂದಿನ ವರ್ಷದ ದರ ಏರಿಕೆಯಲ್ಲಿ ಶೇಕಡಾ 2 ಅಂಶ ಕಡಿತ. ಈ ಲೆಕ್ಕ ಸಾರ್ವಜನಿಕರಿಗೂ ನೋಡಲು ಸಿಗುತ್ತದೆ. ಆಯುಷ್ಮಾನ್ ಭಾರತ್‌ನಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗೆ ಶೇ 10ರಿಂದ 15 ಜಾಸ್ತಿ ದರ ಇದೆ, ಒಳ್ಳೆಯದೇ. ಆದರೆ ಮಾನಸಿಕ ವಾರ್ಡಿನಲ್ಲಿ ರೋಗಿಯನ್ನು ಎಷ್ಟು ಹೊತ್ತು ಕಟ್ಟಿದ್ದರು ಅನ್ನುವುದನ್ನೂ ಪಾವತಿಗೆ ಜೋಡಿಸಿದರೆ ಆ ವಾರ್ಡುಗಳು ಬದಲಾಗುತ್ತವೆ ಅಂತ ನಾನು ನಂಬುತ್ತೇನೆ.

ಹದಿನಾರನೇ ದಿನ

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ದರವಲ್ಲ, ವಿಮೆ ಎಲ್ಲಿ ನಿಲ್ಲುತ್ತದೆ ಅನ್ನುವುದು.

ಆಯುಷ್ಮಾನ್ ಭಾರತ್ ಹೊರರೋಗಿ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧಿ ಮತ್ತು ಪರೀಕ್ಷೆ ಮಾತ್ರ ಪ್ಯಾಕೇಜಿನೊಳಗೆ ಬರುತ್ತದೆ. ಆಪರೇಷನ್ ಆದವರಿಗೆ ಹದಿನೈದು ದಿನದಲ್ಲಿ ಹೊಲಿಗೆ ಬಿಚ್ಚಿ ಆಗಿರುತ್ತದೆ. ಆದರೆ ನಮ್ಮ ಹುಡುಗನ ಚಿಕಿತ್ಸೆ ನಿಜವಾಗಿ ಶುರುವಾಗುವುದೇ ಆವಾಗ. ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮಾತ್ರೆ ವರ್ಷಗಟ್ಟಲೆ ಬೇಕು. ಸ್ಕಿಜೋಫ್ರೇನಿಯಾಗೆ ಕೊಡುವ ಕ್ಲೋಜಪಿನ್ ಮಾತ್ರೆ ಶುರು ಮಾಡಿದವರಿಗೆ ಮೊದಲ 18 ವಾರ ಪ್ರತಿವಾರ ರಕ್ತದ ಬಿಳಿ ಕಣ ಎಣಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೋವೈದ್ಯಕೀಯ ವಾರ್ಡಿನಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲೇ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚು ಅಂತ ಅನೇಕ ದೇಶಗಳ ಅಧ್ಯಯನಗಳು ಹೇಳಿವೆ. ಮೂರು ತಿಂಗಳವರೆಗೂ ಆ ಅಪಾಯ ದೊಡ್ಡದೇ. ನಮ್ಮ ವಿಮೆ ಹದಿನೈದನೇ ದಿನಕ್ಕೆ ಮುಗಿಯುತ್ತದೆ.

ಹೀಗಾಗಿ ವಿಮೆ ಮತ್ತೆ ದುಡ್ಡು ಕೊಡುವುದು ಕಾಯಿಲೆ ಮರುಕಳಿಸಿ, ಅವನು ಇನ್ನೊಮ್ಮೆ ವಾರ್ಡಿಗೆ ಬಂದಾಗಲೇ. ತಿಂಗಳಿಗೆ ಕೆಲವು ನೂರು ರೂಪಾಯಿಯ ಮಾತ್ರೆಗೆ ಇಲ್ಲದ ಹಣ, ಇಪ್ಪತ್ತು ದಿನದ ದಾಖಲಾತಿಗೆ ಇದೆ. ದಿನಕ್ಕೆ 2,100ರಂತೆ ಅದು 42,000 ರೂಪಾಯಿ. ಆ ಹುಡುಗನ ಕೆಲಸ ಹೋಗಿರುತ್ತದೆ, ನಿಶ್ಚಯವಾಗಿದ್ದ ಮದುವೆ ಮುರಿದಿರುತ್ತದೆ. ಅದಕ್ಕೆಲ್ಲ ದರಪಟ್ಟಿ ಇಲ್ಲ.

ಮಾತ್ರೆ ಕೊಡುವುದು ಬೇರೆ ಯೋಜನೆಯ ಕೆಲಸ ಅಂತ ಅಧಿಕಾರಿಗಳು ಹೇಳಬಹುದು. ಅದೂ ನಿಜವೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಲೇಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗದಿಂದ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ. ಇವು ಒಳ್ಳೆಯ ಕೆಲಸಗಳು. ಆದರೆ ವಾರ್ಡಿನಿಂದ ಬಿಡುಗಡೆಯಾದ ಹುಡುಗ ಮಂಗಳವಾರದ ಕ್ಲಿನಿಕ್‌ಗೆ ಬಂದನಾ ಇಲ್ಲವಾ ಅನ್ನುವುದರ ಮೇಲೆ ವಿಮೆಯ ಒಂದು ರೂಪಾಯಿಯೂ ನಿಂತಿಲ್ಲ. ಒಂದು ಕೈ ಹಾಸಿಗೆಗೆ ಹಣ ಕೊಡುತ್ತದೆ, ಇನ್ನೊಂದು ಕೈ ಮಾತ್ರೆ ಕೊಡುತ್ತದೆ, ಎರಡಕ್ಕೂ ಪರಸ್ಪರ ಪರಿಚಯ ಇಲ್ಲ.

ಎಷ್ಟು ಜನರ ಪ್ರಶ್ನೆ ಇದು? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಬಗೆ ನೋಡಿಕೊಂಡು ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾನೂನು ಹೇಳಿದ್ದು, ಕಾರ್ಡ್ ಕೇಳುವುದು

ಅದೇ ಕಾಯ್ದೆಯ 21ನೇ ಸೆಕ್ಷನ್ ವಿಮೆಯ ಬಗ್ಗೆ ನೇರವಾಗಿ ಮಾತಾಡುತ್ತದೆ. ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಖಾಸಗಿ ವಿಮೆಯಲ್ಲಿ ಇದು ಜಾರಿಗೆ ಬರಲು ವರ್ಷಗಳೇ ಹಿಡಿದವು. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2018ರಲ್ಲಿ ಹೇಳಿತು, 2022ರ ಅಕ್ಟೋಬರ್‌ನಲ್ಲಿ ಮತ್ತೆ ಗಡುವು ಹಾಕಿ ಹೇಳಬೇಕಾಯಿತು. ಸರ್ಕಾರಿ ವಿಮೆ ಮೊದಲಿಂದಲೇ ಮಾನಸಿಕ ಕಾಯಿಲೆಯನ್ನು ಪಟ್ಟಿಯಲ್ಲಿ ಸೇರಿಸಿತ್ತು, ಹಳೆಯ ಕಾಯಿಲೆಯನ್ನೂ ಮೊದಲ ದಿನದಿಂದ ಒಪ್ಪಿಕೊಂಡಿತು. ಇದಕ್ಕೆ ಅದನ್ನು ಮೆಚ್ಚಲೇಬೇಕು.

ಕಾರ್ಡ್ ಇಲ್ಲದವರ ಗತಿ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಮಲಗುವ, ಹೆಸರು ಕೇಳಿದರೂ ಹೇಳದ ಮನುಷ್ಯನಿಗೆ ಆಧಾರ್ ಎಲ್ಲಿಂದ ಬರಬೇಕು? ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಬಡವರಿಗೆ ಮತ್ತು ಮನೆಯಿಲ್ಲದವರಿಗೆ ಮಾನಸಿಕ ಚಿಕಿತ್ಸೆ ಉಚಿತ ಅಂತ ಕಾಯ್ದೆ ಹೇಳುತ್ತದೆ. ಆದರೆ ವಿಮೆಯ ಕ್ಲೇಮ್ ಆಗಬೇಕಾದರೆ ಗುರುತು ಬೇಕು. ಹಾಗಾಗಿ ಇವರ ಖರ್ಚು ಆಸ್ಪತ್ರೆಯ ಬಜೆಟ್ ಮೇಲೇ ಬೀಳುತ್ತದೆ. ಹೆಚ್ಚು ಅಸಹಾಯಕರಾದವರೇ ಆಸ್ಪತ್ರೆಗೆ ಹೆಚ್ಚು ಹೊರೆ ಆಗುವ ಈ ವ್ಯವಸ್ಥೆಯನ್ನು ಟ್ರಸ್ಟ್ ಮನಸ್ಸು ಮಾಡಿದರೆ ಸರಿಪಡಿಸಬಹುದು. ಪೊಲೀಸರೋ ಮ್ಯಾಜಿಸ್ಟ್ರೇಟರೋ ಕಾಯ್ದೆ ಪ್ರಕಾರ ಕಳಿಸಿದ ರೋಗಿಗೆ ತಾತ್ಕಾಲಿಕ ನಂಬರ್ ಕೊಟ್ಟು ಕ್ಲೇಮ್ ಮಾಡಲು ಬಿಟ್ಟರೆ ಸಾಕು.

ದಾಖಲಾತಿಯ ಅವಧಿಯಲ್ಲೂ ಎರಡು ಗಡಿಯಾರಗಳಿವೆ. ರೋಗಿ ಸ್ವತಃ ಒಪ್ಪುವ ಸ್ಥಿತಿಯಲ್ಲಿ ಇಲ್ಲದಿದ್ದಾಗ, ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನದವರೆಗೆ ಇಟ್ಟುಕೊಳ್ಳಬಹುದು ಅಂತ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ವಿಮೆಯ ಪ್ರೀ-ಆಥರೈಸೇಷನ್, ಅಂದರೆ ಮುಂಚಿತ ಒಪ್ಪಿಗೆ, ಓಡುವುದು ಬೇರೆ ಗತಿಯಲ್ಲಿ. ವಿಮೆಯ ಒಪ್ಪಿಗೆ ತಡವಾಯಿತು ಅನ್ನುವ ಕಾರಣಕ್ಕೆ ಇನ್ನೂ ಸುಧಾರಿಸದ ರೋಗಿಯನ್ನು ಕಳಿಸುವುದು ಕಾಯ್ದೆಯ ಆಶಯಕ್ಕೆ ವಿರುದ್ಧ.

ಬದಲಾವಣೆಗೆ ದೊಡ್ಡ ಹಣವೇನೂ ಬೇಡ. ಮೊದಲ ನಾಲ್ಕು ದಿನದ ದರ ಏರಿಸಿ, ಮೂರನೇ ವಾರದ ನಂತರ ಸ್ವಲ್ಪ ಇಳಿಸಬಹುದು. ಬಿಡುಗಡೆಯ ನಂತರದ ಹದಿನೈದು ದಿನವನ್ನು ಮಾನಸಿಕ ಕಾಯಿಲೆಗೆ ಮಾತ್ರ 90 ದಿನ ಮಾಡಬಹುದು. ರೋಗಿ ಬಿಡುಗಡೆಯಾದ ಏಳನೇ ದಿನ ಮತ್ತು ಮೂವತ್ತನೇ ದಿನ ಎಲ್ಲಾದರೂ ಸರ್ಕಾರಿ ಕ್ಲಿನಿಕ್‌ನಲ್ಲಿ ಕಾಣಿಸಿಕೊಂಡರೆ, ಬಿಡುಗಡೆ ಮಾಡಿದ ಆಸ್ಪತ್ರೆಗೆ ಸಣ್ಣದೊಂದು ಹೆಚ್ಚುವರಿ ಮೊತ್ತ ಕೊಡಬಹುದು. ಆಗ ಆಸ್ಪತ್ರೆಯವರೇ ಫೋನ್ ಮಾಡಿ 'ಯಾಕೆ ಬಂದಿಲ್ಲ' ಅಂತ ವಿಚಾರಿಸುತ್ತಾರೆ. ಜೊತೆಗಿರುವ ಅಮ್ಮನೋ ಅಣ್ಣನೋ ಕಳೆದುಕೊಂಡ ಕೂಲಿಗೆ ದಿನಕ್ಕೆ ಇಷ್ಟು ಅಂತ ಕೊಡುವುದನ್ನೂ ಯೋಚಿಸಬೇಕು. ನಮ್ಮ ಹೆಚ್ಚಿನ ಸರ್ಕಾರಿ ವಾರ್ಡುಗಳು ಜೊತೆಗೆ ಮನೆಯವರು ಇರುತ್ತಾರೆ ಅನ್ನುವ ಭರವಸೆಯ ಮೇಲೇ ನಡೆಯುತ್ತವೆ.

ಅಲ್ಲಿಯವರೆಗೆ, ಮನೆಯಲ್ಲಿ ಯಾರನ್ನಾದರೂ ಸೇರಿಸಬೇಕಾಗಿ ಬಂದರೆ ಕೆಲವು ಕೆಲಸ ಮಾಡಿ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಮೊದಲ ದಿನವೇ ಕಾರ್ಡ್ ಕೊಟ್ಟು, ಯೋಜನೆಯಡಿ ಕೇಸ್ ದಾಖಲಾಗಿದೆಯಾ ಅಂತ ಕೇಳಿ. ತುರ್ತು ಸ್ಥಿತಿ ಅಲ್ಲದಿದ್ದರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ ವಿಚಾರಿಸಿ. ಬಿಡುಗಡೆಯ ದಿನ ಹದಿನೈದು ದಿನದ ಮಾತ್ರೆ ಕೇಳಿ ಪಡೆಯಿರಿ, ಅದು ಪ್ಯಾಕೇಜಿನೊಳಗೇ ಇದೆ. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಹೆಸರು ಬ್ರ್ಯಾಂಡ್ ಅಲ್ಲದೆ ಜೆನೆರಿಕ್ ಆಗಿಯೂ ಬರೆಸಿಕೊಳ್ಳಿ, ಆಗ ತಾಲ್ಲೂಕು ಆಸ್ಪತ್ರೆಯಲ್ಲಿ ಅದೇ ಮಾತ್ರೆ ಹುಡುಕುವುದು ಸುಲಭ. ನಡುವೆ ಏನಾದರೂ ಹೆಚ್ಚುಕಮ್ಮಿಯಾದರೆ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.